ಇಬ್ರಿಯರಲ್ಲಿ ಸಾಲವೂ ದಾಸತ್ವವೂ ಬಿಡುಗಡೆಯೂ



ಧರ್ಮೋಪದೇಶಕಾಂಡದ ೧೫ನೇ ಅಧ್ಯಾಯವನ್ನು ನಾವು ಸಭೆಗಳಲ್ಲಿ ಓದುವದುಂಟು. ಆದರೆ ಅದರ ೧೩, ೧೪ನೇ ವಚನಗಳ ಬಳಿಯಲ್ಲಿ ನಿಂತು ವಿಚಾರಿಸುವವರು ಕಡಿಮೆ. ಆರು ವರುಷ ದುಡಿದ ದಾಸನನ್ನು ಏಳನೇ ವರುಷದಲ್ಲಿ ಬಿಡುವ ಯಜಮಾನನು ಅವನನ್ನು ಬರಿಗೈಯಿಂದ ಅಟ್ಟಬಾರದು, ತನ್ನ ಹಟ್ಟಿಯಲ್ಲಿಯೂ ಕಣದಲ್ಲಿಯೂ ದ್ರಾಕ್ಷೆಯ ಆಲೆಯಲ್ಲಿಯೂ ಇದ್ದದ್ದರಿಂದ ಪಾಲು ಕೊಟ್ಟು ಕಳುಹಿಸಬೇಕು ಎಂಬದು ಅಲ್ಲಿಯ ವಿಧಿಯ ತಾತ್ಪರ್ಯ. ಪುರಾತನ ಇಬ್ರಿಯರ ಸಂಸಾರವನ್ನೂ ಧರ್ಮವನ್ನೂ ಚರಿತ್ರೆಯನ್ನೂ ತಿಳಿಯಬೇಕೆಂದಿರುವವರಿಗೆ ಈ ಒಂದು ವಿಧಿಯೇ ಒಳ್ಳೇ ಬಾಗಿಲಾಗಿದೆ. ಯಾಕಂದರೆ ಒಬ್ಬ ಒಕ್ಕಲಿಗನು ಹೇಗೆ ದಾಸನಾದನು, ಬಿಡುಗಡೆಯಾದವನು ಯಾವದರಿಂದ ಬದುಕಿದನು, ವಿಧಿ ಇದ್ದರೂ ಜನರು ಅದನ್ನು ಕೈಕೊಂಡರೋ ಎಂಬ ಪ್ರಶ್ನೆಗಳೆಲ್ಲಾ ಇದರೊಳಗೆ ಅಡಕವಾಗಿವೆ.

ಮೊದಲು ಅವರ ಊರನ್ನು ನೋಡೋಣ. ಇಸ್ರಾಯೇಲ್ ಎಂಬ ಹೆಸರು ಶಾಸ್ತ್ರದ ಹೊರಗೆ ಮೊದಲಾಗಿ ಕಾಣುವದು ಐಗುಪ್ತದ ಅರಸನಾದ ಮೆರ್ನೆಪ್ತನು ಕ್ರಿ. ಪೂ. ೧೨೦೮ರ ಸುಮಾರಿಗೆ ಕೆತ್ತಿಸಿದ ಕಲ್ಲಿನಲ್ಲಿ. ಆ ಕಾಲದಿಂದ ಕಾನಾನಿನ ಬೆಟ್ಟದ ಸೀಮೆಯಲ್ಲಿ ನೂರಾರು ಸಣ್ಣ ಊರುಗಳು ಎದ್ದವೆಂದು ನೆಲವನ್ನು ಅಗೆದು ಶೋಧಿಸಿದವರು ಕಂಡಿದ್ದಾರೆ. ಬಜಪೆಯಲ್ಲಿರುವ ನಮಗೆ ಅಂಥಾ ಊರನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವದು ಕಷ್ಟವಲ್ಲ. ನಮ್ಮದೂ ಗುಡ್ಡದ ಊರೇ: ಮೇಲೆ ಮುರಕಲ್ಲಿನ ಪದವು, ಕೆಳಗೆ ಬೈಲು, ನಡುವೆ ಕಟ್ಟೆ ಕಟ್ಟಿ ಉಳಿಸಿಕೊಂಡ ಮಣ್ಣು. ೧೯೫೧ರಲ್ಲಿ ವಿಮಾನಗಳು ಇಳಿಯುವದಕ್ಕೆ ಆರಿಸಲ್ಪಟ್ಟ ಸ್ಥಳವು ಅಂಥಾ ಒಂದು ಪದವೇ ಆಗಿತ್ತು. ಭೇದವಾದರೋ ನೀರಿನಲ್ಲಿ. ಮಂಗಳೂರಿನಲ್ಲಿ ವರುಷಕ್ಕೆ ೩,೫೦೦ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಯೆರೂಸಲೇಮಿನಲ್ಲಿ ಸುಮಾರು ೫೫೦ ಮಾತ್ರ. ಅದೂ ಚಳಿಗಾಲದ ಕೆಲವು ತಿಂಗಳುಗಳಲ್ಲಿ ಬಂದು ಹೋಗುವದು. ಆದಕಾರಣ ಇಬ್ರಿಯರು ಬಂಡೆಯಲ್ಲಿ ತೊಟ್ಟಿಗಳನ್ನು ಕೊರೆದು, ಬೆಟ್ಟದ ಇಳಿಜಾರಿಗೆ ಮೆಟ್ಟಲು ಮೆಟ್ಟಲಾಗಿ ಕಲ್ಲಿನ ಕಟ್ಟೆಗಳನ್ನಿಟ್ಟು, ಜವೆಗೋಧಿಯನ್ನೂ ದ್ರಾಕ್ಷೆಯನ್ನೂ ಎಣ್ಣೇ ಮರಗಳನ್ನೂ ಬೆಳಿಸಿದರು. ಮುಂಗಾರು ತಪ್ಪಿದರೆ ಬಿತ್ತನೆ ಇಲ್ಲ, ಹಿಂಗಾರು ತಪ್ಪಿದರೆ ಕಾಳು ಇಲ್ಲ.

ಅವರ ಮನೆಯ ಕೆಳ ಅಂತಸ್ತಿನಲ್ಲಿ ಕಲ್ಲು ಕಂಬಗಳ ನಡುವೆ ದನಕುರಿಗಳೂ ಧಾನ್ಯದ ಗುಡಾಣಗಳೂ ಇದ್ದವು. ಮನುಷ್ಯರು ಮೇಲೆ ಮಲಗುತ್ತಿದ್ದರು. ತಂದೆ, ಅವನ ಹೆಂಡತಿ, ಮದುವೆಯಾದ ಗಂಡುಮಕ್ಕಳು, ಅವರ ಮಕ್ಕಳು, ಆಳುಗಳು, ಇವರೆಲ್ಲಾ ಸೇರಿ ‘ತಂದೆಯ ಮನೆ’ ಎನಿಸಿಕೊಂಡರು. ಭೂಮಿಯು ತಂದೆಯಿಂದ ಮಗನಿಗೆ ಇಳಿಯಿತು. ನಮ್ಮ ಜಿಲ್ಲೆಯ ಅಳಿಯಸಂತಾನದ ಕಟ್ಟಿಗೆ ಇದು ನೇರವಾಗಿ ಎದುರಾದದ್ದು. ಆದರೂ ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಪಾಲನ್ನು ಕೇಳಿ ಪಡಕೊಂಡ ವರ್ತಮಾನವು ಅರಣ್ಯಕಾಂಡದ ೨೭ನೇ ಅಧ್ಯಾಯದಲ್ಲಿ ಉಂಟು. ಭೂಮಿಯು ಯೆಹೋವನದು, ಕುಟುಂಬವು ಅದರ ಒಕ್ಕಲು ಮಾತ್ರ ಎಂಬದು ಅವರ ಧರ್ಮದ ಮೂಲ ಮಾತು. ಆದಕಾರಣವೇ ನಾಬೋತನು ಅರಸನಾದ ಅಹಾಬನಿಗೂ ತನ್ನ ದ್ರಾಕ್ಷೇ ತೋಟವನ್ನು ಮಾರಲೊಲ್ಲದೆ ಪ್ರಾಣವನ್ನೇ ಕಳಕೊಂಡನು.

ಇಂಥಾ ಮನೆಯಲ್ಲಿ ಒಂದು ವರುಷ ಬೆಳೆ ಕೆಟ್ಟರೆ ಏನಾಗುವದು? ಬಿತ್ತುವದಕ್ಕೆ ಧಾನ್ಯವನ್ನು ಸಾಲವಾಗಿ ತರುವರು. ಎರಡನೇ ವರುಷವೂ ಕೆಟ್ಟರೆ ಹೊಲವನ್ನು ಅಡವಿಡುವರು. ಮೂರನೆಯದರಲ್ಲಿ ಅಡವಿಗೆ ಕೊಡಲು ಉಳಿದದ್ದು ಮನುಷ್ಯರೇ: ಮೊದಲು ಮಗಳು, ಆಮೇಲೆ ಮಗನು, ಕಡೆಗೆ ಯಜಮಾನನು ತಾನೇ. ಎರಡನೇ ಅರಸುಗಳ ೪ನೇ ಅಧ್ಯಾಯದ ವಿಧವೆಯು ಎಲೀಷನ ಬಳಿಗೆ ಓಡಿ ಬಂದದ್ದು ಈ ಮೆಟ್ಟಲಿನಲ್ಲಿಯೇ. ಸಾಲ ಕೊಟ್ಟವನು ಅವಳ ಇಬ್ಬರು ಗಂಡುಮಕ್ಕಳನ್ನು ದಾಸರಾಗಿ ಒಯ್ಯಲಿಕ್ಕೆ ಬಂದಿದ್ದನು. ಹೀಗೆ ಇಬ್ರಿಯರಲ್ಲಿ ಯುದ್ಧದ ಸೆರೆಯಿಂದ ದಾಸರಾದವರು ಇದ್ದರೂ, ಸ್ವಜನರೊಳಗೆ ದಾಸತ್ವದ ದೊಡ್ಡ ಬೇರು ಸಾಲವೇ ಆಗಿತ್ತು.

ಬಡವನ ಬಟ್ಟೆಯನ್ನು ಅಡವಾಗಿ ತಕ್ಕೊಂಡವನು ಹೊತ್ತು ಮುಣುಗುವದರೊಳಗೆ ಅದನ್ನು ತಿರಿಗಿ ಕೊಡಬೇಕೆಂದು ವಿಮೋಚನಕಾಂಡದ ೨೨ನೇ ಅಧ್ಯಾಯವು ವಿಧಿಸುತ್ತದೆ. ಇದು ಬರೇ ಬರಹವಾಗಿತ್ತೋ ಎಂದು ಕೇಳುವವರಿಗೆ ಒಂದು ಮಡಿಕೆಯ ತುಂಡು ಉತ್ತರ ಕೊಡುತ್ತದೆ. ೧೯೬೦ರಲ್ಲಿ ಯವ್ನೆಯ ಸಮೀಪದ ಸಮುದ್ರ ತೀರದ ಹಳೇ ಕೋಟೆಯೊಂದರಲ್ಲಿ ಅದು ಸಿಕ್ಕಿತು. ಕ್ರಿ. ಪೂ. ಏಳನೇ ಶತಮಾನದ ಕಡೇ ಭಾಗದಲ್ಲಿ ಕೊಯ್ಲಿನ ಆಳೊಬ್ಬನು ಅಧಿಕಾರಿಗೆ ಮಾಡಿಸಿದ ಅರ್ಜಿಯು ಮಸಿಯಿಂದ ಅದರ ಮೇಲೆ ಬರೆದದೆ. ತಾನು ಕೊಯ್ದು ಅಳೆದು ಕಣಜಕ್ಕೆ ಹಾಕಿ ಲೆಕ್ಕ ತೀರಿಸಿದ ಮೇಲೆಯೂ ಶೋಬಾಯನ ಮಗನಾದ ಹೋಷಾಯಾಹುವು ತನ್ನ ಬಟ್ಟೆಯನ್ನು ಕಿತ್ತುಕೊಂಡನೆಂದೂ, ಬಿಸಿಲಿನಲ್ಲಿ ಸಂಗಡ ಕೊಯ್ದವರು ತನಗೆ ಸಾಕ್ಷಿಗಳೆಂದೂ, ಬಟ್ಟೆಯನ್ನು ತಿರಿಗಿ ಕೊಡಿಸಬೇಕೆಂದೂ ಅವನು ಬೇಡಿಕೊಳ್ಳುತ್ತಾನೆ. ಆ ಆಳಿನ ಹೆಸರು ಉಳಿಯಲಿಲ್ಲ. ಬಟ್ಟೆ ಕಿತ್ತವನ ಹೆಸರು ೨,೬೦೦ ವರುಷ ಉಳಿದದೆ!

ಇನ್ನು ವಿಧಿಗಳಿಗೆ ಬರೋಣ. ದಾಸರ ವಿಷಯದಲ್ಲಿ ಮೋಶೆಯ ಪುಸ್ತಕಗಳ ಮಾತು ಎಲ್ಲಾ ಕಡೆಯಲ್ಲಿ ಒಂದೇ ಆಗಿರುವದಿಲ್ಲ. ಜಾಗ್ರತೆಯಿಂದ ಓದುವವರು ಮೂರು ಪದರುಗಳನ್ನು ಕಾಣುವರು. ವಿಮೋಚನಕಾಂಡದ ೨೧ನೇ ಅಧ್ಯಾಯದಲ್ಲಿ ಇಬ್ರಿಯ ದಾಸನು ಆರು ವರುಷ ಸೇವೆ ಮಾಡಿ ಏಳನೆಯದರಲ್ಲಿ ಕ್ರಯವಿಲ್ಲದೆ ಬಿಡುಗಡೆಯಾಗುತ್ತಾನೆ. ಆದರೆ ಯಜಮಾನನು ಅವನಿಗೆ ಹೆಂಡತಿಯನ್ನು ಕೊಟ್ಟಿದ್ದರೆ ಅವಳೂ ಮಕ್ಕಳೂ ಯಜಮಾನನ ಮನೆಯಲ್ಲಿಯೇ ಉಳಿಯಬೇಕು. ದಾಸಿಯಾಗಿ ಮಾರಲ್ಪಟ್ಟ ಮಗಳು ಗಂಡು ದಾಸರ ಹಾಗೆ ಹೊರಡುವದಿಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಲಾರದವನು ಬಾಗಲ ಕಂಬದ ಬಳಿಯಲ್ಲಿ ಕಿವಿ ಚುಚ್ಚಿಸಿಕೊಂಡು ಸದಾಕಾಲಕ್ಕೂ ದಾಸನಾಗುವನು. ಇದನ್ನು ಯಜಮಾನನ ಮೇಲಿನ ಪ್ರೀತಿಯ ಗುರುತೆಂದು ಹೊಗಳುವ ಪ್ರಸಂಗಗಳನ್ನು ನಾವು ಕೇಳಿದ್ದೇವೆ. ಹೊಸ್ತಿಲಿನ ಆಚೆ ತನ್ನ ಕೂಸು ಅಳುವದನ್ನು ಕೇಳುತ್ತಾ ನಿಂತವನ ಪ್ರೀತಿಯಲ್ಲಿ ಎಷ್ಟು ಭಾಗ ಯಜಮಾನನದು ಎಂಬದನ್ನು ವಾಚಕರೇ ಆಲೋಚಿಸಲಿ.

ಧರ್ಮೋಪದೇಶಕಾಂಡವು ಈ ವಿಧಿಯನ್ನು ತಿದ್ದುತ್ತದೆ. ಅಲ್ಲಿ ಹೆಂಗಸಿಗೂ ಗಂಡಸಿಗೂ ಒಂದೇ ನ್ಯಾಯ. ಮತ್ತು ನಾವು ಮೊದಲು ಹೇಳಿದ ಬರಿಗೈಯ ಮಾತು ಅಲ್ಲಿ ಸೇರುತ್ತದೆ. ಐಗುಪ್ತದಲ್ಲಿ ನೀವೂ ದಾಸರಾಗಿದ್ದಿರಿ ಎಂಬದೇ ಅದಕ್ಕೆ ಕೊಟ್ಟ ಕಾರಣ. ಅದೇ ಪುಸ್ತಕದ ೨೩ನೇ ಅಧ್ಯಾಯದಲ್ಲಿ ಓಡಿ ಬಂದ ದಾಸನನ್ನು ಯಜಮಾನನಿಗೆ ಒಪ್ಪಿಸಬಾರದೆಂದೂ ಅದೆ. ಯಾಜಕಕಾಂಡದ ೨೫ನೇ ಅಧ್ಯಾಯವು ಮತ್ತೊಂದು ದಾರಿ ಹಿಡಿಯುತ್ತದೆ: ಐವತ್ತನೇ ವರುಷದ ಜೂಬಿಲಿಯಲ್ಲಿ ಮನುಷ್ಯನು ಮಾತ್ರವಲ್ಲ, ಮಾರಿಹೋದ ಹೊಲವೂ ಮೊದಲಿನ ಕುಟುಂಬಕ್ಕೆ ತಿರಿಗಿ ಸೇರಬೇಕು.

ಬಾಬೆಲಿನ ಅರಸನಾದ ಹಮ್ಮುರಾಬಿಯು ಕ್ರಿ. ಪೂ. ೧೭೫೦ರ ಸುಮಾರಿಗೆ ಕೆತ್ತಿಸಿದ ನ್ಯಾಯಗಳೊಂದಿಗೆ ಇವುಗಳನ್ನು ಹೋಲಿಸಿ ನೋಡಬೇಕು. ಇಬ್ರಿಯರ ವಿಧಿಯೇ ಎಲ್ಲದರಲ್ಲಿಯೂ ಹೆಚ್ಚು ಕರುಣೆಯುಳ್ಳದ್ದೆಂದು ಎಣಿಸುವವರಿಗೆ ಅಲ್ಲಿ ಆಶ್ಚರ್ಯವಾದೀತು. ಸಾಲಕ್ಕಾಗಿ ಕೊಡಲ್ಪಟ್ಟ ಹೆಂಡತಿ ಮಕ್ಕಳು ಮೂರೇ ವರುಷ ದುಡಿದು ನಾಲ್ಕನೆಯದರಲ್ಲಿ ಬಿಡುಗಡೆಯಾಗಬೇಕೆಂದು ಹಮ್ಮುರಾಬಿಯು ಹೇಳುತ್ತಾನೆ. ಇಬ್ರಿಯರಲ್ಲಿ ಆರು ವರುಷ. ಆದರೆ ಓಡಿ ಬಂದ ದಾಸನನ್ನು ಅಡಗಿಸಿಟ್ಟವನಿಗೆ ಹಮ್ಮುರಾಬಿಯಲ್ಲಿ ಮರಣವೇ ದಂಡನೆ. ಮತ್ತು ಬಿಟ್ಟವನ ಕೈಯಲ್ಲಿ ಏನಾದರೂ ಇಡಬೇಕೆಂಬ ಮಾತು ಅವನ ನ್ಯಾಯಗಳಲ್ಲಿ ಇಲ್ಲ. ಇಬ್ರಿಯರ ವಿಧಿಯ ಬುದ್ಧಿ ಇರುವದು ಇದರಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಬಿತ್ತಲು ಬೀಜವಿಲ್ಲದೆ, ಹಾಲಿಗೆ ಆಡಿಲ್ಲದೆ ಹೊರಟವನು ಮುಂದಿನ ಮಳೆಯೊಳಗೆ ಅದೇ ಯಜಮಾನನ ಅಂಗಳಕ್ಕೆ ಸಾಲ ಕೇಳುತ್ತಾ ಬರುವನು. ಅವನ ಸರಪಣಿಯು ಧಾನ್ಯದ್ದಾಗಿತ್ತಷ್ಟೆ, ಕಬ್ಬಿಣದ್ದಲ್ಲ.

ಆದರೆ ವಿಧಿ ಇದ್ದಮಾತ್ರಕ್ಕೆ ಜನರು ಅದರಂತೆ ನಡೆದರೆಂದು ಹೇಳಕೂಡದು. ಕ್ರಿ. ಪೂ. ೫೮೮ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಮುತ್ತಿದಾಗ ಅರಸನಾದ ಚಿದ್ಕೀಯನೂ ಪ್ರಧಾನರೂ ದೇವಾಲಯದಲ್ಲಿ ಒಡಂಬಡಿಕೆ ಮಾಡಿ ಇಬ್ರಿಯ ದಾಸದಾಸಿಯರನ್ನೆಲ್ಲಾ ಬಿಟ್ಟುಬಿಟ್ಟರು. ಐಗುಪ್ತದ ದಂಡು ಬರುತ್ತದೆಂಬ ಸುದ್ದಿಯಿಂದ ಮುತ್ತಿಗೆ ಸ್ವಲ್ಪ ಸಡಿಲವಾದ ಕೂಡಲೇ ಬಿಟ್ಟವರನ್ನೇ ತಿರಿಗಿ ಹಿಡಿದು ದಾಸರನ್ನಾಗಿ ಮಾಡಿದರು! ಯೆರೆಮೀಯನ ೩೪ನೇ ಅಧ್ಯಾಯವನ್ನು ಓದಿರಿ. ಪಟ್ಟಣವು ಬಿದ್ದು, ಜನರು ಸೆರೆಹೋಗಿ, ಪಾರಸಿಯರ ಕಾಲದಲ್ಲಿ ಹಿಂತಿರಿಗಿ ಬಂದ ಮೇಲೆಯೂ ಅದೇ ರೋಗ. ಕ್ರಿ. ಪೂ. ೪೪೫ರಲ್ಲಿ ಅಧಿಪತಿಯಾಗಿ ಬಂದ ನೆಹೆಮೀಯನ ಮುಂದೆ ಗಂಡಸರೂ ಹೆಂಗಸರೂ ಮೊರೆಯಿಟ್ಟದ್ದೇನಂದರೆ, ಅರಸನ ಕಂದಾಯಕ್ಕಾಗಿ ಹೊಲಗಳನ್ನು ಅಡವಿಟ್ಟೆವು, ಹೆಣ್ಣುಮಕ್ಕಳಲ್ಲಿ ಕೆಲವರು ಈಗಾಗಲೇ ದಾಸಿಯರಾದರು, ಬಿಡಿಸುವದಕ್ಕೆ ಕೈಯಲ್ಲಿ ಬಲವಿಲ್ಲ ಎಂಬದೇ. ನೆಹೆಮೀಯನು ತಾನೂ ತನ್ನವರೂ ಸಾಲ ಕೊಟ್ಟವರೆಂದು ಬಾಯಿಬಿಟ್ಟು ಹೇಳಿ, ಹೊಲ ತೋಟ ಮನೆಗಳನ್ನು ಅದೇ ದಿನ ತಿರಿಗಿ ಕೊಡಬೇಕೆಂದು ಪ್ರಮಾಣ ಮಾಡಿಸಿದನು. ಅವನು ಮನುಷ್ಯರನ್ನು ಬಿಡಿಸುವದಕ್ಕೆ ಹೊಲದಿಂದ ಆರಂಭಿಸಿದ್ದನ್ನು ವಾಚಕರು ಗಮನಿಸಬೇಕು.

ಸಮಾರ್ಯದ ಕಡೆಯ ಸಾಕ್ಷಿ ಇನ್ನೂ ಕಠಿಣವಾದದ್ದು. ಯೆರಿಕೋವಿನ ಉತ್ತರದ ಒಂದು ಗವಿಯಲ್ಲಿ ೧೯೬೨ರಲ್ಲಿ ಅರಾಮ್ಯ ಭಾಷೆಯ ಪತ್ರಗಳು ಸಿಕ್ಕಿದವು; ಅಲೆಕ್ಸಾಂದರನ ದಂಡಿಗೆ ಹೆದರಿ ಓಡಿ ಬಂದು ಅಲ್ಲಿಯೇ ಸತ್ತವರ ಆಸ್ತಿಪತ್ರಗಳು ಅವು. ಅವುಗಳಲ್ಲಿ ಹೆಚ್ಚಿನವು ದಾಸರ ಕ್ರಯಪತ್ರಗಳೇ. ಕ್ರಿ. ಪೂ. ೩೩೫ರ ಒಂದರಲ್ಲಿ ಯೆಹೋಹಾನಾನನೆಂಬವನು ೩೫ ಬೆಳ್ಳಿ ಶೇಕೆಲುಗಳಿಗೆ ಮಾರಲ್ಪಟ್ಟಿದ್ದಾನೆ. ಅವನ ಹೆಸರಿನಲ್ಲಿಯೇ ಯೆಹೋವನ ನಾಮವದೆ. ಆದರೂ ಏಳನೇ ವರುಷದ ಮಾತು ಪತ್ರದಲ್ಲಿ ಇಲ್ಲ, ಸದಾಕಾಲಕ್ಕೂ ದಾಸನೆಂದು ಅದೆ. ಜೂಬಿಲಿಯ ವಿಷಯದಲ್ಲಿಯಾದರೋ, ಅದನ್ನು ಆಚರಿಸಿದ ಒಂದೇ ಒಂದು ವರುಷದ ವೃತ್ತಾಂತವಾದರೂ ಶಾಸ್ತ್ರದಲ್ಲಿ ಬರೆದಿಲ್ಲ. ಏಳನೇ ವರುಷದಲ್ಲಿ ಸಾಲ ಬಿಡಬೇಕೆಂಬ ವಿಧಿಯ ಗತಿಯೂ ವಿಚಿತ್ರವೇ. ಆ ವರುಷ ಹತ್ತರವಾದಷ್ಟಕ್ಕೆ ಧನವಂತರು ಸಾಲ ಕೊಡುವದನ್ನೇ ನಿಲ್ಲಿಸಿದರು. ಆಗ ಹೆರೋದನ ಕಾಲದ ಶಾಸ್ತ್ರಿಯಾದ ಹಿಲ್ಲೇಲನು ಒಂದು ಉಪಾಯ ಕಂಡನು: ಸಾಲ ಕೊಟ್ಟವನು ತನ್ನ ಸಾಲಪತ್ರಗಳನ್ನು ನ್ಯಾಯಸಭೆಗೆ ಒಪ್ಪಿಸಿದೆನೆಂದು ಬರೆದುಕೊಟ್ಟರೆ ಏಳನೇ ವರುಷವು ಅವುಗಳನ್ನು ಅಳಿಸಲಾರದು. ಬಡವನಿಗೆ ಸಾಲ ಸಿಕ್ಕಿತು; ಬಿಡುಗಡೆಯು ಹೋಯಿತು.

ಇನ್ನೊಂದು ಸಂಗತಿಯನ್ನು ಮುಚ್ಚಿಡಕೂಡದು. ಈ ಬಿಡುಗಡೆಯ ವಿಧಿಗಳೆಲ್ಲಾ ಇಬ್ರಿಯ ದಾಸರಿಗಾಗಿ. ಅನ್ಯಜನರಿಂದ ಕೊಂಡವರು ಮಕ್ಕಳ ಕಾಲಕ್ಕೂ ಸ್ವಾಸ್ತ್ಯವಾಗಿ ಇರಬಹುದೆಂದು ಯಾಜಕಕಾಂಡದ ಅದೇ ೨೫ನೇ ಅಧ್ಯಾಯವು ಹೇಳುತ್ತದೆ. ಅಂಥವರಿಗೆ ವರುಷಗಳ ಲೆಕ್ಕವಿಲ್ಲ. ಯಜಮಾನನು ಮನಸ್ಸಿಟ್ಟು ಬಿಡುಗಡೆ ಪತ್ರ ಬರೆದರೆ ಉಂಟು, ಇಲ್ಲವಾದರೆ ಇಲ್ಲ. ಐಗುಪ್ತದ ನೀಲ ನದಿಯ ಎಲೆಫಂತೀನೆ ದ್ವೀಪದಲ್ಲಿ ಪಾರಸಿಯರ ಸೈನ್ಯಕ್ಕೆ ಸೇರಿದ ಯೆಹೂದ್ಯರ ಒಂದು ವಸತಿ ಇತ್ತು. ಅಲ್ಲಿ ಮೆಷುಲ್ಲಾಮನೆಂಬವನ ದಾಸಿಯಾದ ತಾಮೆತ್ ಎಂಬ ಐಗುಪ್ತದ ಸ್ತ್ರೀಯು ಕ್ರಿ. ಪೂ. ೪೪೯ರಲ್ಲಿ ದೇವಾಲಯದ ಸೇವಕನಾದ ಅನನ್ಯನನ್ನು ಮದುವೆಯಾದಳು. ಬಿಡುಗಡೆ ಪತ್ರವು ಅವಳಿಗೂ ಅವಳ ಮಗಳಿಗೂ ಸಿಕ್ಕಿದ್ದು ೪೨೭ರಲ್ಲಿ, ಇಪ್ಪತ್ತೆರಡು ವರುಷಗಳ ಮೇಲೆ. ಅದರಲ್ಲಿಯೂ, ಮಗನು ತಂದೆಯನ್ನು ನೋಡಿಕೊಳ್ಳುವ ಹಾಗೆ ಮೆಷುಲ್ಲಾಮನನ್ನು ಅವನು ಬದುಕಿರುವ ತನಕ ನೋಡಿಕೊಳ್ಳಬೇಕೆಂಬ ಷರತ್ತು ಇತ್ತು.

ಅಂಥಾ ಪತ್ರವೊಂದು ನಮ್ಮ ಮಂಗಳೂರಿನಲ್ಲಿಯೇ ಬರೆಯಲ್ಪಟ್ಟಿತೆಂದರೆ ಬಹು ಮಂದಿ ನಂಬಲಿಕ್ಕಿಲ್ಲ. ತುನಿಸ್ ದೇಶದ ಮಹದಿಯ ರೇವಿನವನಾದ ಅಬ್ರಹಾಮ್ ಬೆನ್ ಯಿಜೂ ಎಂಬ ಯೆಹೂದ್ಯ ವರ್ತಕನು ಏಡನ್ ಮಾರ್ಗವಾಗಿ ಈ ಕರಾವಳಿಗೆ ಬಂದು ೧೧೩೨ರಿಂದ ೧೧೪೯ರ ವರೆಗೆ ಇಲ್ಲಿ ವ್ಯಾಪಾರ ಮಾಡಿದನು. ಆಗ ತುಳುನಾಡನ್ನು ಆಳಿದವರು ಆಳುಪರು. ಅವನು ಒಳ್ಳೇ ಮೆಣಸನ್ನೂ ಅಡಿಕೆಯನ್ನೂ ಕಬ್ಬಿಣವನ್ನೂ ಏಡನಿಗೆ ಕಳುಹಿಸುವನು. ಹಳೇ ಕಂಚು ತಾಮ್ರಗಳನ್ನು ತರಿಸಿ ಪಾತ್ರೆಗಳನ್ನು ಮಾಡಿಸಿ ತಿರಿಗಿ ಕಳುಹಿಸುವನು. ಬರೆಯಲಿಕ್ಕೆ ಕಾಗದವು ಅವನಿಗೆ ಅಲ್ಲಿಂದಲೇ ಬರಬೇಕಾಗಿತ್ತು. ದೇವರ ನಾಮವಿರಬಹುದಾದ ಬರಹವನ್ನು ಸುಡಬಾರದು, ಹರಿದು ಬಿಸಾಡಬಾರದು ಎಂಬ ಇಬ್ರಿಯರ ಕಟ್ಟಳೆಯಂತೆ ಅವನ ಕಾಗದಗಳು ಕೈರೋ ಪಟ್ಟಣದ ಹಳೇ ಭಾಗದ ಸಭಾಮಂದಿರವೊಂದರ ಕೋಣೆಯಲ್ಲಿ ಬಿದ್ದುಕೊಂಡಿದ್ದವು. ೧೮೯೬–೯೭ರಲ್ಲಿ ಶೆಕ್ಟರ್ ಎಂಬ ಪಂಡಿತನು ಆ ರಾಶಿಯ ಹೆಚ್ಚಿನ ಭಾಗವನ್ನು ಕೇಂಬ್ರಿಜಿಗೆ ಒಯ್ದನು. ಗೊಯ್ಟೈನ್ ಪಂಡಿತನು ಇಬ್ರಿಯ ಅಕ್ಷರದ ಆ ಅರಬ್ಬೀ ಕಾಗದಗಳನ್ನು ಓದುವದರಲ್ಲಿ ಆಯುಷ್ಯವನ್ನು ಕಳೆದನು. ಅಮಿತಾವ ಘೋಷರು ೧೯೯೨ರಲ್ಲಿ ಇವುಗಳ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದರು.

ಅವುಗಳಿಂದ ತಿಳಿಯುವದೇನಂದರೆ, ೧೧೩೨ನೇ ಅಕ್ಟೋಬರ್ ೧೭ರಲ್ಲಿ ಬೆನ್ ಯಿಜೂ ಮಂಗಳೂರಿನಲ್ಲಿ ಆಶು ಎಂಬ ಈ ದೇಶದ ದಾಸಿಯನ್ನು ಕೊಂಡವಳಾಗಿ ಇಡದೆ ಪತ್ರಮುಖವಾಗಿ ಬಿಡುಗಡೆ ಮಾಡಿದನು. ಅಂಥಾ ಪತ್ರದ ಬಲದಿಂದ ಸ್ತ್ರೀಯು ತನಗೆ ತಾನೇ ಒಡತಿಯಾಗಿ, ಅಬ್ರಹಾಮನ ಮಗಳೆನಿಸಿಕೊಂಡು, ಇಸ್ರಾಯೇಲಿನ ಸಭೆಯಲ್ಲಿ ಮದುವೆಯಾಗುವ ಅಧಿಕಾರವನ್ನು ಹೊಂದುವಳು. ಬೆನ್ ಯಿಜೂ ಅವಳನ್ನೇ ಮದುವೆಯಾದನೆಂದೂ ಅವನ ಮಕ್ಕಳು ಅವಳಲ್ಲಿ ಹುಟ್ಟಿದವರೆಂದೂ ವಿದ್ವಾಂಸರು ಊಹಿಸುತ್ತಾರೆ. ಅವನ ಮಗಳು ೧೧೫೬ರಲ್ಲಿ ಐಗುಪ್ತದಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಲ್ಲಿ ಒಬ್ಬನನ್ನು ಮದುವೆಯಾದಳು. ಅದೇ ಮನೆಯಲ್ಲಿ ಬೊಮ್ಮನೆಂಬ ದಾಸನೂ ಇದ್ದನು. ಕಾಗದಗಳಲ್ಲಿ ಮೂರೇ ಅಕ್ಷರಗಳಾಗಿದ್ದ ಅವನ ಹೆಸರು ಬ್ರಹ್ಮ, ಬೆರ್ಮೆ ಎಂಬ ಹೆಸರುಗಳ ಬಳಗದ್ದೆಂದು ಘೋಷರಿಗೆ ತಿಳಿಸಿದವರು ತುಳು ವಿದ್ವಾಂಸರಾದ ಬಿ. ಎ. ವಿವೇಕ ರೈಯವರು. ಬೊಮ್ಮನು ಯಜಮಾನನ ಸರಕನ್ನು ಹಡಗಿನಲ್ಲಿ ಏಡನಿಗೆ ಒಯ್ದು ಲೆಕ್ಕ ಒಪ್ಪಿಸಿ ಬರುವವನಾಗಿದ್ದನು. ಏಡನಿನ ವರ್ತಕರು ತಮ್ಮ ಕಾಗದಗಳಲ್ಲಿ ಅವನಿಗೂ ವಂದನೆ ಕಳುಹಿಸುತ್ತಿದ್ದರು. ಇಂಥಾ ದಾಸತ್ವವನ್ನು ಬೈಲಿನ ದಾಸತ್ವದೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಬೈಲಿನ ದಾಸತ್ವವೆಂದರೆ ಯಾವದೆಂದು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಮೂಲದ ಆಳು ಎಂಬ ಹೆಸರು ನಮ್ಮಲ್ಲಿ ಅನೇಕರ ಅಜ್ಜಂದಿರ ಮೇಲೆ ಇತ್ತು. ೧೮೦೧ರಲ್ಲಿ ಕನ್ನಡ ಜಿಲ್ಲೆಯಲ್ಲಿ ಸಂಚರಿಸಿದ ಬುಕಾನನ್ ಸಾಹೇಬನು ಹೊಲಗೆಲಸದ ದಾಸರ ಕ್ರಯವನ್ನೂ ಅವರಿಗೆ ಅಳೆದು ಕೊಡುವ ಅಕ್ಕಿಯನ್ನೂ ದನಗಳ ಲೆಕ್ಕದಂತೆಯೇ ಬರೆದಿಟ್ಟನು. ೧೮೪೩ರ ೫ನೇ ಆಕ್ಟಿನಿಂದ ಸರಕಾರವು, ಒಬ್ಬನು ಮತ್ತೊಬ್ಬನ ದಾಸನೆಂಬ ಹಕ್ಕನ್ನು ಇನ್ನು ಮುಂದೆ ಯಾವ ಕೋರ್ಟೂ ನಡಿಸಿಕೊಡುವದಿಲ್ಲವೆಂದು ವಿಧಿಸಿತು; ೧೮೬೦ರ ದಂಡಸಂಹಿತೆಯು ದಾಸರ ಕ್ರಯವಿಕ್ರಯವನ್ನು ಅಪರಾಧವಾಗಿ ಮಾಡಿತು. ಒಳ್ಳೇದೇ. ಆದರೆ ಆಶುವಿನ ಹಾಗೆ ಪತ್ರವೊಂದನ್ನು ಯಾರೂ ಯಾರ ಕೈಗೂ ಕೊಡಲಿಲ್ಲ. ಕಣದಿಂದ ಒಂದು ಮುಡಿ ಬತ್ತವಾಗಲಿ ಹಟ್ಟಿಯಿಂದ ಒಂದು ಕರುವಾಗಲಿ ಯಾರಿಗೂ ಬರಲಿಲ್ಲ. ಏಣಿಲು ಬೆಳೆ ಬಿತ್ತುವಾಗ ಮೂಲದ ಆಳು ನಿಂತದ್ದು ಅದೇ ಗದ್ದೆಯಲ್ಲಿ, ಮಲಗಿದ್ದು ಅದೇ ಒಡೆಯನ ಗುಡಿಸಲಲ್ಲಿ. ಮಗನ ಮದುವೆಗೆ ತಂದ ಸಾಲವು ಮಗನನ್ನೂ ಅವನು ಕಟ್ಟಿಕೊಂಡವಳನ್ನೂ ಅಲ್ಲಿಯೇ ಹಿಡಿದಿಟ್ಟಿತು. ಬೇಸತ್ತು ಘಟ್ಟ ಹತ್ತಿ ಕಾಪಿ ತೋಟಕ್ಕೆ ಹೋದವರಿಗೆ ಮುಂಗಡವೆಂಬ ಹೊಸ ಹಗ್ಗ. ಮುಂಗಡ ತಿಂದು ಕೆಲಸಕ್ಕೆ ಬಾರದವನನ್ನು ಜೈಲಿಗೆ ಹಾಕುವ ೧೮೫೯ರ ೧೩ನೇ ಆಕ್ಟು ೧೯೨೦ರ ದಶಕದ ವರೆಗೂ ಜೀವದಿಂದಿತ್ತು.

ಕಣದ ಮಾತು ನಮ್ಮ ದೇಶದ ಕಾಯಿದೆಗೆ ಬರುವದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು. ೧೯೭೬ರ ಜೀತ ನಿರ್ಮೂಲನ ಕಾಯಿದೆಯು ಜೀತದ ಸಾಲವೆಲ್ಲಾ ತೀರಿತೆಂದು ಸಾರಿತು. ಆ ಸಾಲಕ್ಕೆ ಅಡವಾದ ಸ್ವತ್ತನ್ನು ತಿರಿಗಿ ಕೊಡಬೇಕೆಂದೂ, ಬಿಡುಗಡೆಯಾದವನನ್ನು ಅವನಿದ್ದ ಮನೆಯಿಂದ ಎಬ್ಬಿಸಬಾರದೆಂದೂ ವಿಧಿಸಿತು. ಅದಕ್ಕೆ ಸ್ವಲ್ಪ ಮುಂಚೆ, ೧೯೭೪ರ ಮಾರ್ಚ್ ೧ರಿಂದ, ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ, ಉಳುವ ಒಕ್ಕಲಿಗೆ ಕೊಡಲ್ಪಡಬೇಕಾದವು. ನಮ್ಮ ಜಿಲ್ಲೆಯಲ್ಲಿ ಈ ಕಾಯಿದೆ ಮಾಡಿದಷ್ಟು ಬದಲಾವಣೆಯನ್ನು ಬೇರಾವದೂ ಮಾಡಲಿಲ್ಲ ಎಂದರೆ ತಪ್ಪಾಗದು. ಚಾಲಗೇಣಿಯ ಒಕ್ಕಲಾಗಿದ್ದವರು ೭ನೇ ನಮೂನೆಯ ಅರ್ಜಿ ಹಾಕಿ, ಗೇಣಿಯ ರಶೀದಿಯನ್ನೋ ನೆರೆಯವರ ಸಾಕ್ಷಿಯನ್ನೋ ತೋರಿಸಿ, ತಾವು ಉತ್ತ ಗದ್ದೆಗೆ ಒಡೆಯರಾದರು. ಮೂಲದ ಆಳಿನ ಮೊಮ್ಮಗನಿಗೆ ಗೇಣಿಯೂ ಇರಲಿಲ್ಲ, ರಶೀದಿಯೂ ಇರಲಿಲ್ಲ. ಅವನು ಉತ್ತದ್ದು ಕೂಲಿಗೆ. ಅವನಿಗೆ ಆ ಕಾಯಿದೆಯಿಂದ ದೊರೆತದ್ದು ಗುಡಿಸಲು ನಿಂತ ನೆಲವೂ ಅದರ ಸುತ್ತಲಿನ ಸ್ವಲ್ಪ ಜಾಗವೂ ಮಾತ್ರ.